ಮೂರು ಎಳೆತ

ಈ ಮನೆಯ ಗೋಡೆ ಒಂದೂವರೆ ಮೊಳ ದಪ್ಪ, ಕಗ್ಗಲ್ಲು.
ಪೋರ್ತು ಊರಿನ ಇಳಿಜಾರಿನಲ್ಲಿ ಇಂಥವು ಸಾಲುಸಾಲು,
ಒಂದರ ಹೆಗಲಿಗೆ ಇನ್ನೊಂದು ಒರಗಿ
ಹೊಳೆಗೆ ಜಾರದಂತೆ ಹಿಡಿದುಕೊಂಡಿವೆ.
ಕೆಳಗೆ ಅಡುಗೆಮನೆ. ಉಪ್ಪುಮೀನು ನೆನೆಹಾಕಿದ ಬೋಗುಣಿಯ ಪಕ್ಕ
ರೂಟರ್ ಕಣ್ಣು ಮಿಟುಕಿಸುತ್ತದೆ.
ಅದರ ವೈಫೈ ಎರಡನೇ ಮಹಡಿಯವರೆಗೆ ಏದುಸಿರು ಬಿಡುತ್ತ ಹತ್ತಿ
ಮೆಟ್ಟಿಲ ಮೇಲೆ ಕೂತುಬಿಡುತ್ತದೆ, ನನ್ನ ಹಾಗೆ.

ಮಗಳ ಕೋಣೆ ಮೂರನೆಯದರಲ್ಲಿ, ಹೆಂಚಿನಡಿ.

ಫೋನು ಕಡಿದರೆ ಬೇರೆಯವರು ಹಲೋ ಹಲೋ ಎನ್ನುತ್ತಾರೆ,
ಅರ್ಧ ಮಾತಿಗೆ ಊಹೆಯ ತೇಪೆ ಹಾಕುತ್ತಾರೆ.
ಕಿತೇರಿಯಾ ಹುಟ್ಟಿದಾಗಿನಿಂದ ಸದ್ದು ಕೇಳಿದವಳಲ್ಲ.
ದಕ್ಷಿಣದ ಗೆಳತಿ ಒಟೀಲಿಯಾ
ಪರದೆಯಲ್ಲಿ ಕೈಯಿಂದ ಏನೋ ಹೇಳುತ್ತಿರುತ್ತಾಳೆ,
ಚಿತ್ರ ನಿಂತುಬಿಡುತ್ತದೆ:
ಎದೆಯ ಮುಂದೆ ಬೆರಳು ಅಗಲಿಸಿದ ಒಂದು ಕೈ.
ಅದು ಬರುತ್ತೇನೆಯೋ, ಇನ್ನು ಬರುವುದಿಲ್ಲವೋ,
ಕೈ ಕೆಳಗಿಳಿಯದೆ ತಿಳಿಯದು.
ಮೊನ್ನೆ ಹಾಗೆ ನಿಂತ ಕೈಯನ್ನು
ನನ್ನ ಮಗಳು ಕಾಲುಗಂಟೆ ನೋಡುತ್ತ ಕೂತಿದ್ದಳು.

ನಲವತ್ತು ಮೀಟರು ಕೇಬಲ್ ಕೊಂಡೆ.
ಎದುರುಮನೆಯ ಅಡೆಲೀನು, ಹಿಂದೆ ಟ್ರ್ಯಾಮ್ ನಡೆಸುತ್ತಿದ್ದವನು,
ಇಕ್ಕಳ ಕೊಟ್ಟ, ಜೊತೆಗೊಂದು ಮಾತು:
"ಆ ನೀಲಿ ಬಿಲ್ಲೆಗಳ ಗೋಡೆಗೆ ಡ್ರಿಲ್ ತಾಗಿಸಿದರೆ
ನಿಮ್ಮತ್ತೆ ಗೋರಿಯಿಂದ ಎದ್ದು ಬಂದಾಳು, ಝುಲ್ಮೀರಾ."
ಬರುವವಳೇ. ಬಿಲ್ಲೆಗಳ ತಂಟೆಗೆ ಹೋಗಲಿಲ್ಲ.
ಒಲೆ ಉರಿಯದೆ ಮೂವತ್ತು ವರ್ಷವಾದ ಹೊಗೆಗೂಡು ಇತ್ತು,
ಬೆಕ್ಕಿಗೂ ಬೇಡವಾದದ್ದು.

ಅವಳು ಮೇಲಿನಿಂದ ದಾರ ಇಳಿಬಿಟ್ಟಳು, ತುದಿಗೊಂದು ನಟ್ಟು ಕಟ್ಟಿ.
ನಾನು ಕೆಳಗೆ ಒಲೆಯೊಳಗೆ ತಲೆ ಹಾಕಿ ಕಾದೆ.
ಮೊದಲು ಮಸಿ ಬಂತು, ಆಮೇಲೆ ಯಾವುದೋ ಹಕ್ಕಿಯ ಹಳೇ ಗೂಡು,
ಕೊನೆಗೆ ನಟ್ಟು ಬಂದು ಹಣೆಗೆ ಬಡಿಯಿತು.
ದಾರಕ್ಕೆ ಕೇಬಲ್ ಬಿಗಿದು, ಟೇಪು ಸುತ್ತಿ,
"ಎಳಿ!" ಎಂದು ಕೂಗಿದೆ.

ಹದಿನೇಳು ವರ್ಷ ಅವಳ ತಾಯಿಯಾಗಿದ್ದೂ
ಕೂಗಿದೆ.
ತೆರೆದ ಬಾಯಿಗೆ ಇನ್ನೊಂದು ಹಿಡಿ ಮಸಿ.
ಬೀದಿಯಲ್ಲಿ ಯಾರೋ "ಏನು?" ಎಂದರು.
ಗೋಡೆಗೂ ಕಿವಿಯುಂಟು ಎನ್ನುತ್ತಾರೆ.

ಆಗ ದಾರವನ್ನೇ ಒಮ್ಮೆ ಜಗ್ಗಿದೆ. ಕೇಬಲ್ ಏರತೊಡಗಿತು.
ಸುರುಳಿ ಸಿಕ್ಕು ಬಿದ್ದಾಗ ಎರಡು ಸಲ ಜಗ್ಗಿದೆ. ನಿಂತಿತು.
ಒಂದೆಂದರೆ ಎಳಿ, ಎರಡೆಂದರೆ ತಡಿ,
ಯಾರೂ ಯಾರಿಗೂ ಹೇಳಿಕೊಡಲಿಲ್ಲ.
ಎರಡನೇ ಮಹಡಿಯ ತಿರುವಿನಲ್ಲಿ ಅವಳೇ ಎರಡು ಸಲ ಜಗ್ಗಿದಳು,
ಬೆರಳು ತರಚಿತ್ತಂತೆ, ಆಮೇಲೆ ನೋಡಿದೆ.
ಇನ್ನೇನು ಹತ್ತು ಮಾರು ಉಳಿದಿದೆ ಎನ್ನುವಾಗ
ಮೇಲಿನಿಂದ ಮೂರು.

ಮೂರಕ್ಕೆ ಅರ್ಥ ಇರಲಿಲ್ಲ.
ಕತ್ತಲಲ್ಲಿ ಕೇಬಲ್ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ
ನಾನೂ ಮೂರು ಸಲ ಜಗ್ಗಿದೆ.
ಸುಮ್ಮನಾಯಿತು. ಮತ್ತೆ ಏರಿತು.

ಸಂಜೆ ಎಂಟು ಎಳೆಗಳನ್ನು ಬಿಡಿಸಿ ಸಾಲಾಗಿಟ್ಟೆವು,
ಕಿತ್ತಳೆಗೆ ಬಿಳಿ ಕಿತ್ತಳೆ ಮುಂದೆ,
ಹಸಿರಿನ ಜೋಡಿ ನೀಲಿಯ ಜೋಡಿಯನ್ನು ಎರಡು ಕಡೆಯಿಂದ ತಬ್ಬಿ,
ಕಂದು ಕೊನೆಗೆ, ಮದುವೆಗೆ ತಡವಾಗಿ ಬಂದವರ ಹಾಗೆ.
ಮೊದಲ ಸಲ ತಪ್ಪಿತು. ಕತ್ತರಿಸಿದೆವು. ಎರಡನೆಯದೂ ತಪ್ಪು.
ಮೂರನೆಯದಕ್ಕೆ ಪುಟ್ಟ ಹಸಿರು ದೀಪ.
ಒಟೀಲಿಯಾಳ ಕೈ ಒಂದು ಮಾತು ಶುರುಮಾಡಿ
ತಾನೇ ಮುಗಿಸಿತು.
ನಾನು ನೋಡಬಾರದೆಂದು ಕಿಟಕಿಯ ಕಡೆ ತಿರುಗಿದೆ;
ಅವರ ಗುಟ್ಟು ಕೇಳಿಸಿಕೊಳ್ಳುವುದು ನನಗೆ ಬಲು ಸುಲಭ.

ರಾತ್ರಿ ಕೈಯಲ್ಲೇ ಕೇಳಿದೆ: ಆ ಮೂರು, ಏನದು?
ಕಿತೇರಿಯಾ ಭುಜ ಕುಣಿಸಿದಳು. ಸುಮ್ಮನೆ.

ಮುಂದೆ ಇನ್ನೊಂದು ಕೇಬಲ್ ಎಳೆಯಬೇಕಾದೀತು,
ದಾರ ಅಲ್ಲೇ ಇರಲಿ ಎಂದಿದ್ದ ಅಡೆಲೀನು.
ಅದರ ತುದಿ ಈಗ ಸೌಟಿನ ಕೊಕ್ಕೆಗೆ ಕಟ್ಟಿದೆ.
ಈರುಳ್ಳಿ ಹೆಚ್ಚುವಾಗ ಒಮ್ಮೊಮ್ಮೆ
ಸೌಟು ತಾನಾಗಿ ಅಲ್ಲಾಡುತ್ತದೆ, ಮೂರು ಸಲ.
ಕೈ ಒರೆಸಿಕೊಂಡು ಹೋಗಿ ಜಗ್ಗುತ್ತೇನೆ.